ಅಕ್ಕಸಾಲಿಗನಾದ ಸಂತ ಎಲಿಜಿಯಸ್

ಇಂದು ಫ್ರಾನ್ಸ್ ಎನಿಸಿಕೊಳ್ಳುವ ಗಾಲ್ ದೇಶದ ಲಿಮೋಜ್ ಪಟ್ಟಣದ ಬಳಿ, ಶಾಪ್ತಲಾ ಎಂಬ ಗ್ರಾಮದಲ್ಲಿ ಎಲಿಜಿಯಸನು ಕ್ರಿ. ಶ. ೫೮೮ರ ಸುಮಾರಿಗೆ ಜನಿಸಿದನು. ಮಗನ ಕೈಚಳಕವನ್ನು ಕಂಡ ತಂದೆಯು ಆತನನ್ನು ಲಿಮೋಜಿನ ಟಂಕಸಾಲೆಯ ಅಧಿಕಾರಿಯೂ ಅಕ್ಕಸಾಲಿಗನೂ ಆಗಿದ್ದ ಅಬ್ಬೋ ಎಂಬವನಲ್ಲಿ ಶಿಷ್ಯನನ್ನಾಗಿ ಬಿಟ್ಟನು.

ಆ ಕಾಲದ ಫ್ರಾಂಕರ ಆಭರಣಗಳಲ್ಲಿ ಗಾರ್ನೆಟ್ ಎಂಬ ದಾಳಿಂಬೆಬಣ್ಣದ ಕಲ್ಲಿನ ಕೆಲಸವು ಹೆಸರಾದುದು. ಚಿನ್ನದ ಕಿರುಪಟ್ಟಿಗಳನ್ನು ಅಂಚಿನ ಮೇಲೆ ನಿಲ್ಲಿಸಿ ತಗಡಿಗೆ ಬೆಸೆದು, ಜೇನುಹುಟ್ಟಿನಂತೆ ಗೂಡುಗಳನ್ನು ಮಾಡುವರು. ಗೂಡಿನ ತಳದಲ್ಲಿ ಗೆರೆಯೊತ್ತಿದ ಚಿನ್ನದ ರೇಕನ್ನಿಟ್ಟು, ತೆಳುವಾಗಿ ಸೀಳಿ ಉಜ್ಜಿದ ಕಲ್ಲನ್ನು ಅದರ ಮೇಲೆ ಕೂಡಿಸುವರು. ರೇಕಿಗೆ ತಾಗಿದ ಬೆಳಕು ಕಲ್ಲಿನೊಳಗಿಂದ ಹಿಂದಿರುಗುವುದರಿಂದ ಒಡವೆಯು ಕೆಂಡದಂತೆ ಹೊಳೆಯುವುದು. ಎಲಿಜಿಯಸನಿಗೆ ಹಿಂದಿನ ತಲೆಮಾರುಗಳಲ್ಲಿ ಈ ಕಲ್ಲುಗಳು ಬಹುಮಟ್ಟಿಗೆ ಭರತಖಂಡದಿಂದಲೂ ಸಿಂಹಳದಿಂದಲೂ ಹೋಗುತ್ತಿದ್ದುವೆಂದು ಈಚಿನ ಪರೀಕ್ಷೆಗಳಿಂದ ತಿಳಿದುಬಂದಿದೆ.

ಎರಡನೆಯ ಕ್ಲೋಥಾರ್ ದೊರೆಯು ರತ್ನಖಚಿತವಾದ ಸುವರ್ಣಾಸನವೊಂದನ್ನು ಬಯಸಲು, ಭಂಡಾರದ ಅಧಿಕಾರಿಯು ಎಲಿಜಿಯಸನನ್ನು ಸೂಚಿಸಿದನು. ಒಂದಕ್ಕೆಂದು ತೂಗಿ ಕೊಟ್ಟ ಚಿನ್ನದಲ್ಲಿ ಆತನು ಎರಡು ಆಸನಗಳನ್ನು ಮಾಡಿದನು. ಅರದಿಂದ ಉದುರಿದ ಪುಡಿ, ಬೆಂಕಿಯಲ್ಲಿ ಹೋದ ಸವಕಲು ಎಂದು ಲೆಕ್ಕ ಹೇಳಿ ಚಿನ್ನವನ್ನು ಉಳಿಸಿಕೊಳ್ಳುವುದು ಆ ಕಸುಬಿನಲ್ಲಿ ಹೊಸದಲ್ಲ. ಆದುದರಿಂದಲೇ ಎರಡನೆಯ ಆಸನವನ್ನು ಕಂಡ ದೊರೆಯು ಬೆರಗಾದನು. ಮುಂದೊಮ್ಮೆ ಪವಿತ್ರಾಸ್ಥಿಗಳ ಮೇಲೆ ಕೈಯಿಟ್ಟು ಆಣೆಮಾಡೆಂದು ದೊರೆ ಹೇಳಲು ಎಲಿಜಿಯಸನು ಕಣ್ಣೀರಿಟ್ಟು ಒಲ್ಲೆನೆಂದನು. ಆಣೆಗೆ ಅಂಜಿದವನಲ್ಲಿಯೇ ದೊರೆಗೆ ನಂಬಿಕೆ ಹೆಚ್ಚಿತು.

ಕ್ಲೋಥಾರನ ಮಗನಾದ ದಾಗೊಬೆರ್ಟನ ಆಳಿಕೆಯಲ್ಲಿ ಆತನು ರಾಜನ ಮುಖ್ಯ ಮಂತ್ರಾಲೋಚಕನಾದನು. ಆತನ ಹೆಸರನ್ನೊತ್ತಿದ ಚಿನ್ನದ ನಾಣ್ಯಗಳು ಇಂದಿಗೂ ದೊರೆಯುತ್ತವೆ. ಕೆಲಸಮಾಡುವಾಗ ಎದುರಿಗೆ ಗ್ರಂಥವನ್ನು ತೆರೆದಿಟ್ಟುಕೊಳ್ಳುವುದು ಆತನ ರೂಢಿಯಾಗಿತ್ತು. ದಾಸರನ್ನು ಮಾರುವರೆಂದು ಕೇಳಿದಲ್ಲಿಗೆ ಓಡಿಹೋಗಿ, ಒಮ್ಮೊಮ್ಮೆ ೨೦ ಜನರನ್ನು, ಒಮ್ಮೊಮ್ಮೆ ೫೦ ಜನರನ್ನು ಹಣತೆತ್ತು ಬಿಡಿಸುತ್ತಿದ್ದನು. ಹಣ ಸಾಲದಾದಾಗ ನಡುಪಟ್ಟಿ, ಮೇಲುಹೊದಿಕೆ, ಕಾಲಿನ ಪಾದರಕ್ಷೆಗಳೂ ಹೋದುವು. ಆತನ ಪವಾಡಗಳನ್ನು ಹೇಗೆ ಎಣಿಸಿದರೂ, ಪರರ ಮೈಗೆ ಒಡವೆ ಮಾಡಿದವನು ತನ್ನ ಮೈಯನ್ನು ಬರಿದುಮಾಡಿಕೊಂಡ ಈ ಸಂಗತಿಯನ್ನು ಮರೆಯುವಂತಿಲ್ಲ.

೬೩೨ರಲ್ಲಿ ಆತನು ಸೊಲಿನ್ಯಾಕಿನಲ್ಲಿ ಮಠವನ್ನು ಸ್ಥಾಪಿಸಿದನು. ನಾನಾ ಕಸುಬುಗಳನ್ನು ಬಲ್ಲ ಸಂನ್ಯಾಸಿಗಳು ಅಲ್ಲಿ ನೆಲೆಸಿದರು. ೬೪೧ರಲ್ಲಿ ನೊಯೊನ್ ಪಟ್ಟಣದ ಬಿಷಪ್ಪನಾಗಿ, ೬೬೦ರ ಡಿಸೆಂಬರ್ ೧ರಂದು ದೇಹವನ್ನು ಬಿಟ್ಟನು.

ಶೆಲ್ ಮಠದಲ್ಲಿದ್ದ, ಆತನು ಮಾಡಿದನೆಂದು ಪ್ರತೀತಿಯಿದ್ದ ಚಿನ್ನದ ಪಾನಪಾತ್ರೆಯು ಫ್ರಾನ್ಸಿನ ಮಹಾಕ್ರಾಂತಿಯ ಕಾಲದಲ್ಲಿ ಇಲ್ಲವಾಯಿತು; ಅದರ ಚಿತ್ರ ಮಾತ್ರ ಉಳಿದಿದೆ. ಸಾಂ ದೆನಿ ದೇವಾಲಯದ ದೊಡ್ಡ ಶಿಲುಬೆಯೂ ಅದೇ ಕಾಲದಲ್ಲಿ ಹಾಳಾಯಿತು. ಅದರ ಗೂಡುಗೆಲಸದ ಒಂದು ಚೂರು ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ.