ಚಿಂದೋಡಿ ಲೀಲಾ

ಚಿಂದೋಡಿ ಲೀಲಾ (ನಿಧನ: 21 ಜನವರಿ 2010) ಕನ್ನಡ ವೃತ್ತಿರಂಗಭೂಮಿಯ ಖ್ಯಾತ ಅಭಿನೇತ್ರಿ, ನಾಟಕ ಕಂಪನಿಯ ಸಂಚಾಲಕಿ ಹಾಗೂ ಚಲನಚಿತ್ರ ನಟಿ. ಕೆ.ಬಿ.ಆರ್. ಡ್ರಾಮಾ ಕಂಪನಿಯ ಮೂಲಕ ಮನೆಮಾತಾದ ಇವರು ಭಾರತ ಸರ್ಕಾರದ ಪದ್ಮಶ್ರೀ ಪ್ರಶಸ್ತಿಗೆ ಪಾತ್ರರಾದವರು.

ಹಿನ್ನೆಲೆ

ಲೀಲಾ ಅವರ ಊರು ದಾವಣಗೆರೆ. 1997ರಲ್ಲಿ ಪ್ರತ್ಯೇಕ ಜಿಲ್ಲೆಯಾಗುವವರೆಗೆ ದಾವಣಗೆರೆಯು ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಂತೆ ಚಿತ್ರದುರ್ಗ ಜಿಲ್ಲೆಯ ತಾಲ್ಲೂಕಾಗಿತ್ತು. ಆದ್ದರಿಂದ ಹಳೆಯ ಚಿತ್ರದುರ್ಗ ಜಿಲ್ಲೆಯ ರಂಗ ಇತಿಹಾಸದಲ್ಲಿ ಇವರ ಹೆಸರು ಮುಖ್ಯವಾದುದು. ತಂದೆ ಚಿಂದೋಡಿ ವೀರಪ್ಪನವರು ನಟರು, ಗಾಯಕರು ಹಾಗೂ ಕೆ.ಬಿ.ಆರ್. ಕಂಪನಿಯ ಸ್ಥಾಪಕರು. ನಾಟಕವೇ ಮನೆತನದ ವೃತ್ತಿಯಾಗಿದ್ದುದರಿಂದ ಲೀಲಾ ಎಳೆಯ ವಯಸ್ಸಿನಲ್ಲಿಯೇ ಬಣ್ಣ ಹಚ್ಚಿದರು.

ರಂಗಭೂಮಿ

ವೃತ್ತಿ ನಾಟಕ ಕಂಪನಿಗಳು ಒಂದೊಂದು ಊರಿನಲ್ಲಿ ಕೆಲವು ತಿಂಗಳು ಕ್ಯಾಂಪ್ ಮಾಡಿ, ಜನ ಬರುವವರೆಗೆ ಆಡಿ, ಬಳಿಕ ಪರದೆ, ಪೆಟ್ಟಿಗೆ, ವಾದ್ಯಗಳೊಂದಿಗೆ ಮುಂದಿನ ಊರಿಗೆ ಸಾಗುವುದು ವಾಡಿಕೆ. ಇವುಗಳಿಗೆ ಟಿಕೆಟ್ಟಿನ ಹಣವೇ ಮುಖ್ಯ ಆದಾಯ. ನಾಟಕ ಸೋತರೆ ಕಲಾವಿದರು, ಅಡುಗೆಯವರು, ರಂಗಸಜ್ಜಿಕೆಯವರು ಎಲ್ಲರ ಅನ್ನಕ್ಕೂ ಕುತ್ತು ಬರುತ್ತಿತ್ತು. ಇಂತಹ ವ್ಯವಸ್ಥೆಯಲ್ಲಿ ಲೀಲಾ ನಾಯಕಿಯ ಪಾತ್ರದೊಡನೆ ಕಂಪನಿಯ ಹೊಣೆಯನ್ನೂ ಹೊತ್ತರು.

'ಕಿತ್ತೂರು ಚೆನ್ನಮ್ಮ', 'ಹಳ್ಳಿ ಹುಡುಗಿ', 'ಪೊಲೀಸನ ಮಗಳು' ಇವರಿಗೆ ಹೆಸರು ತಂದ ನಾಟಕಗಳು. 1961ರಲ್ಲಿ ಬಿ.ಆರ್. ಪಂತುಲು ನಿರ್ದೇಶಿಸಿದ 'ಕಿತ್ತೂರು ಚೆನ್ನಮ್ಮ' ಚಿತ್ರದಲ್ಲಿ ಬಿ. ಸರೋಜಾದೇವಿ ರಾಣಿಯಾಗಿ ಪ್ರಸಿದ್ಧರಾದರು. ಕಂಪನಿ ನಾಟಕದ ಪ್ರೇಕ್ಷಕರಿಗಾದರೋ ಚೆನ್ನಮ್ಮನೆಂದರೆ ಲೀಲಾ. ವೀರರಸದ ಈ ಪಾತ್ರಕ್ಕೂ ಸಾಮಾಜಿಕ ನಾಟಕವಾದ 'ಹಳ್ಳಿ ಹುಡುಗಿ'ಯ ನಾಯಕಿಗೂ ಬೇಕಾದ ಅಭಿನಯ ಬೇರೆ ಬೇರೆ. ಎರಡರಲ್ಲಿಯೂ ಜನಮನ್ನಣೆ ಪಡೆದುದು ಇವರ ಸಾಮರ್ಥ್ಯಕ್ಕೆ ಸಾಕ್ಷಿ. ಸಿನಿಮಾ, ಮುಂದೆ ದೂರದರ್ಶನ ಪ್ರೇಕ್ಷಕರನ್ನು ಸೆಳೆದು ಅನೇಕ ಕಂಪನಿಗಳು ಮುಚ್ಚುತ್ತಿದ್ದ ಕಾಲದಲ್ಲಿಯೂ ಇವರ ನಾಟಕಗಳು ಜನರನ್ನು ಹಿಡಿದಿಟ್ಟಿದ್ದವು.

ಚಲನಚಿತ್ರ

ಲೀಲಾ ಅವರು ನಟಿಸಿದ ಚಿತ್ರಗಳಲ್ಲಿ ಪುಟ್ಟಣ್ಣ ಕಣಗಾಲ್ ನಿರ್ದೇಶನದ 'ಶರಪಂಜರ' (1971) ಪ್ರಸಿದ್ಧವಾದುದು. ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿದ ಈ ಚಿತ್ರದ ನಾಯಕಿ ಕಲ್ಪನಾ. ಅಂದಿನ ಹಲವು ರಂಗನಟಿಯರು ಸಿನಿಮಾ ಸೇರಿದ ಮೇಲೆ ಕಂಪನಿ ತೊರೆದರೆ, ಲೀಲಾ ಚಿತ್ರರಂಗದಲ್ಲಿ ಹೆಸರು ಗಳಿಸಿದರೂ ರಂಗಭೂಮಿಯನ್ನು ಬಿಡಲಿಲ್ಲ. ಚಿಂದೋಡಿ ಮನೆತನದ ಚಿಂದೋಡಿ ಬಂಗಾರೇಶ್ ನಿರ್ದೇಶಿಸಿದ 'ಗಾನಯೋಗಿ ಪಂಚಾಕ್ಷರಿ ಗವಾಯಿ' (1995) ಚಿತ್ರವು ಹಂಸಲೇಖ ಅವರಿಗೆ ಸಂಗೀತ ನಿರ್ದೇಶನಕ್ಕಾಗಿಯೂ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ ಗಾಯನಕ್ಕಾಗಿಯೂ ರಾಷ್ಟ್ರಪ್ರಶಸ್ತಿ ತಂದಿತು.

ಗೌರವಗಳು

1988ರಲ್ಲಿ ಇವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು. ವೃತ್ತಿರಂಗಭೂಮಿಯ ಕಲಾವಿದೆಯೊಬ್ಬರಿಗೆ ದೊರೆತ ಈ ರಾಷ್ಟ್ರಮಟ್ಟದ ಮನ್ನಣೆ, ಕಂಪನಿ ನಾಟಕವನ್ನು ಕೇವಲ ಮನರಂಜನೆಯೆಂದು ಬಗೆಯುತ್ತಿದ್ದವರಿಗೆ ಉತ್ತರದಂತಿತ್ತು. ಕರ್ನಾಟಕ ನಾಟಕ ಅಕಾಡೆಮಿಯ ಅಧ್ಯಕ್ಷರಾಗಿಯೂ ಇವರು ಸೇವೆ ಸಲ್ಲಿಸಿದರು.

ಕೊನೆಯ ವರ್ಷಗಳು

ಊರೂರು ಅಲೆಯುವ ಕಂಪನಿಗೆ ಸ್ವಂತದ ನೆಲೆಯೆಂಬುದು ಅಪರೂಪ. ಬೆಳಗಾವಿಯಲ್ಲಿ ಕಂಪನಿಗೆ ಅಂತಹದೊಂದು ರಂಗಮಂದಿರವಿತ್ತು. ಅದನ್ನು ಕೆಡವಿದುದು ಲೀಲಾ ಅವರಿಗೆ ತೀವ್ರ ಆಘಾತವನ್ನುಂಟುಮಾಡಿತು. ಇಳಿವಯಸ್ಸಿನಲ್ಲಿಯೂ ಅವರು ಅದಕ್ಕಾಗಿ ಹೋರಾಡಿದರು. 2010ರ ಜನವರಿ 21ರಂದು ನಿಧನರಾದರು.

ತೆರೆಯ ಮೇಲಿನ ಪಾತ್ರಗಳು ಚಿತ್ರಗಳಲ್ಲಿ ಉಳಿದಿವೆ. ಇವರ ಹೆಸರನ್ನು ನಾಡಿನಲ್ಲಿ ಹಬ್ಬಿಸಿದ ರಂಗದ ಅಭಿನಯವಾದರೋ ಬಹುಮಟ್ಟಿಗೆ ಅದನ್ನು ಕಂಡವರ ನೆನಪಿನಲ್ಲಿ ಮಾತ್ರ ಉಳಿದಿದೆ.