ದೀಪದ ಹಿಂದಿನ ಪಾಠಶಾಲೆ: ಹೊಸ ದಾದಿಯರಿಗೆ ನೆಲೆ ಕಟ್ಟಿಕೊಟ್ಟ ನೈಟಿಂಗೇಲ್

ನವಿಲುತೀರ್ಥ: ಮಲಪ್ರಭೆಗೆ ಅಣೆಕಟ್ಟು ಕಟ್ಟಿರುವ ನವಿಲುತೀರ್ಥದ ಸುತ್ತಲಿನ ಸವದತ್ತಿ, ಬೈಲಹೊಂಗಲ, ಕಿತ್ತೂರು ಹಾಗೂ ರಾಮದುರ್ಗ ಭಾಗದ ಹಳ್ಳಿಗಳಿಂದ ನರ್ಸಿಂಗ್ ಕಲಿಯಲೆಂದು ಬೆಳಗಾವಿ, ಹುಬ್ಬಳ್ಳಿ, ಧಾರವಾಡದ ಹಾದಿ ಹಿಡಿಯುವ ವಿದ್ಯಾರ್ಥಿಗಳು ಕೈಯಲ್ಲಿ ದೀಪ ಹಿಡಿದು ಒಂದು ಪ್ರತಿಜ್ಞೆ ಸ್ವೀಕರಿಸುತ್ತಾರೆ. ಅದಕ್ಕೆ ಫ್ಲಾರೆನ್ಸ್ ನೈಟಿಂಗೇಲ್ ಹೆಸರಿದೆ. ಆದರೆ ಅದನ್ನು ರಚಿಸಿದವರು ಅವರಲ್ಲ. 1893ರಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದ ನರ್ಸಿಂಗ್ ಶಾಲೆಯೊಂದರಲ್ಲಿ ಲಿಸ್ಟ್ರಾ ಗ್ರೆಟರ್ ನೇತೃತ್ವದಲ್ಲಿ ಅದು ಸಿದ್ಧವಾಯಿತು. ಚಿತ್ರಗಳಲ್ಲಿ ಕಾಣುವ ಹಣತೆಯಾಕಾರದ ದೀಪವೂ ಅವರದಲ್ಲ. ಯುದ್ಧಕಾಲದ ಆಸ್ಪತ್ರೆಯಲ್ಲಿ ಅವರು ಹಿಡಿದು ನಡೆದದ್ದು ತುರ್ಕಿ ಜನ ಬಳಸುತ್ತಿದ್ದ ಮಡಚುವ ಕಂದೀಲು.

ಪ್ರತಿಜ್ಞೆ ಮತ್ತು ದೀಪಗಳ ಆಚೆ ನೈಟಿಂಗೇಲ್ ಬಿಟ್ಟುಹೋದ ಕೊಡುಗೆ ಬೇರೆಯೇ ಇದೆ. ಕರುಣೆಯೊಂದರಿಂದಲೇ ಯಾರೂ ದಾದಿಯಾಗಲಾರರು. ಹೊಸದಾಗಿ ವಾರ್ಡಿಗೆ ಕಾಲಿಡುವವರಿಗೆ ತರಬೇತಿ, ವಸತಿ, ವೇತನ ಮತ್ತು ಅನುಭವಿಗಳ ಆಸರೆ ಬೇಕು ಎಂಬುದನ್ನು ಅವರು ಸ್ವಂತ ಅನುಭವದಿಂದ ಕಂಡುಕೊಂಡರು. ಅದಕ್ಕಾಗಿ ಅರ್ಧ ಶತಮಾನ ದುಡಿದರು.

ಮನೆಯವರ ವಿರೋಧ

ನೈಟಿಂಗೇಲ್ 1820ರ ಮೇ 12ರಂದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಜನಿಸಿದರು. ಪ್ರವಾಸದಲ್ಲಿದ್ದ ತಂದೆ-ತಾಯಿ ಊರಿನ ಹೆಸರನ್ನೇ ಮಗಳಿಗೆ ಇಟ್ಟರು. ಇಂಗ್ಲೆಂಡಿನ ಸಿರಿವಂತ ಮನೆತನ ಅದು. ತಂದೆ ವಿಲಿಯಂ ಇಬ್ಬರು ಹೆಣ್ಣುಮಕ್ಕಳಿಗೂ ಲ್ಯಾಟಿನ್, ಗ್ರೀಕ್, ಇತಿಹಾಸ, ತತ್ತ್ವಶಾಸ್ತ್ರಗಳನ್ನು ಸ್ವತಃ ಕಲಿಸಿದರು. ಫ್ಲಾರೆನ್ಸ್‌ಗೆ ಗಣಿತದ ಒಲವು ಹೆಚ್ಚು.

ದೇವರು ತಮ್ಮನ್ನು ಸೇವೆಗೆ ಕರೆದನೆಂಬ ಭಾವ 1837ರಲ್ಲಿ, 16ರ ಹರೆಯದಲ್ಲಿ ಅವರ ಮನಸ್ಸಿನಲ್ಲಿ ಮೂಡಿತು. ಆ ಸೇವೆ ಶುಶ್ರೂಷೆಯೇ ಎಂದು ನಿಶ್ಚಯವಾಗಲು ಹಲವು ವರ್ಷ ಹಿಡಿಯಿತು. 1845ರಲ್ಲಿ ಸಾಲ್ಸ್‌ಬರಿ ನಗರದ ಆಸ್ಪತ್ರೆಯಲ್ಲಿ ಕೆಲಸ ಕಲಿಯುವ ಅಪೇಕ್ಷೆ ತೋರಿದಾಗ ಮನೆಯವರು ಸುತರಾಂ ಒಪ್ಪಲಿಲ್ಲ. ಅಂದಿನ ಇಂಗ್ಲೆಂಡಿನಲ್ಲಿ ಆಸ್ಪತ್ರೆ ದಾದಿ ಎಂದರೆ ಕುಡುಕಿ, ನಡತೆಗೆಟ್ಟವಳು ಎಂಬ ಕಲ್ಪನೆ ಬೇರೂರಿತ್ತು. ಮರ್ಯಾದಸ್ಥರ ಮನೆಯ ಮಗಳು ಪರಪುರುಷರ ಮೈ ಮುಟ್ಟಿ ಆರೈಕೆ ಮಾಡುವುದನ್ನು ಊಹಿಸಲೂ ಅವರಿಗೆ ಸಾಧ್ಯವಿರಲಿಲ್ಲ. ನಮ್ಮ ಸೀಮೆಯ ಅನೇಕ ಮನೆಗಳಲ್ಲಿಯೂ ಮಗಳು ರಾತ್ರಿ ಪಾಳಿಯ ಕೆಲಸಕ್ಕೆ ಹೋಗುವುದೇ ಎಂಬ ಪ್ರಶ್ನೆ ಬಹುಕಾಲ ಕೇಳಿಬಂದಿದೆ.

ನೈಟಿಂಗೇಲ್ ಹಟ ಬಿಡಲಿಲ್ಲ. ಸರ್ಕಾರಿ ವರದಿಗಳನ್ನು ತರಿಸಿಕೊಂಡು ಆಸ್ಪತ್ರೆಗಳ ವ್ಯವಸ್ಥೆಯನ್ನು ಗುಟ್ಟಾಗಿ ಅಭ್ಯಸಿಸಿದರು. ವರ್ಷಗಳ ಕಾಲ ಕಾದಿದ್ದ ರಿಚರ್ಡ್ ಮಾಂಕ್ಟನ್ ಮಿಲ್ನ್ಸ್ ಅವರ ವಿವಾಹ ಪ್ರಸ್ತಾಪವನ್ನು 1849ರಲ್ಲಿ ನಿರಾಕರಿಸಿದರು. ಕೊನೆಗೆ 1851ರಲ್ಲಿ ಜರ್ಮನಿಯ ರೈನ್ ನದಿ ದಂಡೆಯ ಕೈಸರ್ಸ್‌ವರ್ತ್‌ನಲ್ಲಿ ಸುಮಾರು ಮೂರು ತಿಂಗಳ ತರಬೇತಿ ದೊರೆಯಿತು. ಆಗ ಅವರಿಗೆ 31 ವರ್ಷ. 1853ರಲ್ಲಿ ಲಂಡನ್ನಿನ ಹಾರ್ಲೆ ಸ್ಟ್ರೀಟ್‌ನಲ್ಲಿದ್ದ ಮಹಿಳೆಯರ ಚಿಕ್ಕ ಆಸ್ಪತ್ರೆಗೆ ಮೇಲ್ವಿಚಾರಕಿಯಾದರು. ಎಲ್ಲ ಮಹಡಿಗಳಿಗೂ ಬಿಸಿನೀರಿನ ಕೊಳವೆ, ಊಟ ಮೇಲಕ್ಕೆತ್ತುವ ಯಂತ್ರ, ರೋಗಿ ಬಾರಿಸಿದರೆ ದಾದಿಗೆ ತಿಳಿಯುವ ಗಂಟೆ ಇವು ಅವರ ಮೊದಲ ಬೇಡಿಕೆಗಳಾಗಿದ್ದವು. ಮೆಟ್ಟಿಲು ಹತ್ತಿಳಿಯುವುದರಲ್ಲಿಯೇ ದಾದಿಯ ಶಕ್ತಿ ಕರಗಬಾರದು ಎಂಬುದು ಅವರ ಲೆಕ್ಕಾಚಾರ.

ಸ್ಕುಟಾರಿಯ ಕಠಿಣ ಪಾಠ

1854ರಲ್ಲಿ ಕ್ರಿಮಿಯಾ ಯುದ್ಧದ ಗಾಯಾಳುಗಳ ದುಃಸ್ಥಿತಿ ಪತ್ರಿಕೆಗಳಲ್ಲಿ ವರದಿಯಾಯಿತು. ಸಚಿವ ಸಿಡ್ನಿ ಹರ್ಬರ್ಟ್ ಅವರ ಕೋರಿಕೆಯಂತೆ ನೈಟಿಂಗೇಲ್ 38 ಮಹಿಳೆಯರ ತಂಡದೊಂದಿಗೆ ನವೆಂಬರ್ 4ರಂದು ಇಸ್ತಾಂಬುಲ್ ಎದುರಿನ ಸ್ಕುಟಾರಿ ತಲುಪಿದರು. ತಂಡದಲ್ಲಿ ಕ್ರೈಸ್ತ ಸನ್ಯಾಸಿನಿಯರೂ ಇದ್ದರು, ಕೂಲಿಗೆ ಬಂದ ಆಸ್ಪತ್ರೆ ದಾದಿಯರೂ ಇದ್ದರು. ಸೇನಾ ವೈದ್ಯರಿಗೆ ಇವರ ಆಗಮನ ಇಷ್ಟವಿರಲಿಲ್ಲ. ವೈದ್ಯರು ಕರೆಯುವವರೆಗೆ ಯಾರೂ ವಾರ್ಡಿಗೆ ಹೋಗಕೂಡದೆಂದು ನೈಟಿಂಗೇಲ್ ತಮ್ಮವರನ್ನು ತಡೆದರು. ನರಳಾಟ ಕಿವಿಗೆ ಬೀಳುತ್ತಿದ್ದರೂ ದಾದಿಯರು ಬ್ಯಾಂಡೇಜು ಹೊಲಿಯುತ್ತಾ ಕುಳಿತರು. ಇಂಕರ್ಮನ್ ಕದನದ ಗಾಯಾಳುಗಳು ಹಡಗುಗಳಲ್ಲಿ ಬಂದಿಳಿದಾಗ ವೈದ್ಯರೇ ನೆರವು ಬೇಡಿದರು.

ಅಲ್ಲಿ ಗಾಯಗಳಿಗಿಂತ ಹೆಚ್ಚಾಗಿ ಕಾಲರಾ, ಆಮಶಂಕೆ, ವಿಷಮಜ್ವರಗಳು ಜೀವ ತೆಗೆಯುತ್ತಿದ್ದವು. 1855ರ ಫೆಬ್ರುವರಿಯಲ್ಲಿ ಸಾವಿನ ಪ್ರಮಾಣ ಶೇ 42ರಷ್ಟಾಗಿತ್ತು. ಮಾರ್ಚ್‌ನಲ್ಲಿ ಬಂದ ನೈರ್ಮಲ್ಯ ಆಯೋಗ ಕಟ್ಟಡದಡಿಯ ಕೊಳಚೆ ಕಾಲುವೆಗಳನ್ನು ಶುಚಿಗೊಳಿಸಿ, ಗಾಳಿಯ ಸಂಚಾರಕ್ಕೆ ದಾರಿ ಮಾಡಿದ ಮೇಲೆ ಬೇಸಿಗೆಯ ಹೊತ್ತಿಗೆ ಅದು ಶೇ 2ರ ಆಸುಪಾಸಿಗೆ ಇಳಿಯಿತು. ಇದರ ಪೂರ್ಣ ಅರ್ಥ ಅವರಿಗೆ ಹೊಳೆದದ್ದು ಯುದ್ಧ ಮುಗಿದ ಮೇಲೆ. ಸಂಖ್ಯಾಶಾಸ್ತ್ರಜ್ಞ ವಿಲಿಯಂ ಫಾರ್ ಜತೆ ಕುಳಿತು ಅಂಕಿಅಂಶ ತುಲನೆ ಮಾಡಿದಾಗ, ಎಷ್ಟೇ ಶ್ರದ್ಧೆಯ ಆರೈಕೆಯೂ ಕೊಳಕು ಕಟ್ಟಡವನ್ನು ಗೆಲ್ಲಲಾರದು ಎಂಬ ಸತ್ಯ ಎದುರಾಯಿತು. ಆ ಅಂಕಿಗಳನ್ನು ವೃತ್ತಾಕಾರದ ಚಿತ್ರವಾಗಿಸಿ 1858ರಲ್ಲಿ ಪ್ರಕಟಿಸಿದರು. ಅದೇ ವರ್ಷ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘದ ಮೊದಲ ಮಹಿಳಾ ಸದಸ್ಯೆಯಾದರು.

ಸ್ಕುಟಾರಿ ಇನ್ನೊಂದು ಪಾಠವನ್ನೂ ಕಲಿಸಿತು. ತರಬೇತಿಯಿಲ್ಲದವರನ್ನು ಏಕಾಏಕಿ ಸಾವು-ನೋವಿನ ನಡುವೆ ನಿಲ್ಲಿಸಿದರೆ ಕೆಲವರು ಕುಸಿಯುತ್ತಾರೆ, ಕೆಲವರು ಕುಡಿತಕ್ಕೆ ಬೀಳುತ್ತಾರೆ, ಕೆಲವರು ಶಿಸ್ತು ಮುರಿಯುತ್ತಾರೆ. ಹಲವರನ್ನು ಅವರು ಊರಿಗೆ ಮರಳಿ ಕಳುಹಿಸಬೇಕಾಯಿತು.

ಹದಿನೈದು ಮಂದಿಯ ಶಾಲೆ

ನೈಟಿಂಗೇಲ್ ಅವರ ಗೌರವಾರ್ಥ ಸಾರ್ವಜನಿಕರು ನಿಧಿಯೊಂದನ್ನು ಕೂಡಿಸಿದರು. ಅದರ ಮೊತ್ತ 44 ಸಾವಿರ ಪೌಂಡ್ ದಾಟಿತು. ಆ ಹಣದಿಂದ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ನರ್ಸಿಂಗ್ ಶಾಲೆ ಆರಂಭವಾಯಿತು. ಮೊದಲ ತಂಡದಲ್ಲಿ 15 ವಿದ್ಯಾರ್ಥಿನಿಯರಿದ್ದರು.

ಶುಲ್ಕವಿರಲಿಲ್ಲ. ಊಟ, ವಸತಿ, ಸಮವಸ್ತ್ರದ ಜತೆಗೆ ವರ್ಷಕ್ಕೆ 10 ಪೌಂಡ್ ಕೈಖರ್ಚು ದೊರೆಯುತ್ತಿತ್ತು. ಪ್ರತಿಯೊಬ್ಬರಿಗೂ ಪ್ರತ್ಯೇಕ ಮಲಗುವ ಕೋಣೆ, ಎಲ್ಲರಿಗೂ ಸೇರಿ ಒಂದು ಬೈಠಕ್ ಕೋಣೆ. ದಾದಿಯರು ವಾರ್ಡಿನ ಮೂಲೆಯಲ್ಲಿಯೇ ಮಲಗುತ್ತಿದ್ದ ಕಾಲದಲ್ಲಿ ಇದು ಸಣ್ಣ ಸಂಗತಿಯಲ್ಲ. ಹೆಣ್ಣುಮಗಳನ್ನು ನಿಶ್ಚಿಂತೆಯಿಂದ ಕಳುಹಿಸಬಹುದಾದ ಮನೆಯಂತೆ ಶಾಲೆ ಇರಬೇಕೆಂಬುದು ಸಂಸ್ಥಾಪಕಿಯ ಆಶಯ. ಪ್ರತಿಯಾಗಿ ಕಟ್ಟುನಿಟ್ಟೂ ಇತ್ತು. ಮೇಟ್ರನ್ ಸಾರಾ ವಾರ್ಡ್ರೋಪರ್ ಪ್ರತಿ ತಿಂಗಳು ಒಬ್ಬೊಬ್ಬರ ನಡತೆ ಮತ್ತು ಕೌಶಲಗಳನ್ನು ಪಟ್ಟಿಯಲ್ಲಿ ದಾಖಲಿಸುತ್ತಿದ್ದರು. ಒಂದು ವರ್ಷದ ತರಬೇತಿ ಮುಗಿದ ಮೇಲೆ ಇನ್ನೂ ಕೆಲವು ವರ್ಷ ನಿಧಿ ಸೂಚಿಸಿದ ಆಸ್ಪತ್ರೆಗಳಲ್ಲಿ ದುಡಿಯುವ ಕರಾರಿತ್ತು.

ಲೋಪ ಕಂಡ ಸಂಸ್ಥಾಪಕಿ

ಶಾಲೆಯ ಕೀರ್ತಿ ಹಬ್ಬಿತು. ಆದರೆ ಒಳಗಿನ ಸ್ಥಿತಿ ಅಷ್ಟು ಚೆನ್ನಾಗಿರಲಿಲ್ಲ. ಕ್ರಿಮಿಯಾದಲ್ಲಿ ತಗುಲಿದ ಜ್ವರದಿಂದ ಜರ್ಜರಿತರಾಗಿದ್ದ ನೈಟಿಂಗೇಲ್ ಬಹುಪಾಲು ಹಾಸಿಗೆಯಿಂದಲೇ ಕೆಲಸ ಮಾಡುತ್ತಿದ್ದರು. ಮೊದಲ ದಶಕದಲ್ಲಿ ಶಾಲೆಯ ದೈನಂದಿನ ವ್ಯವಹಾರ ಅವರ ಕಣ್ಣಳತೆಯಿಂದ ದೂರವೇ ಇತ್ತು. 1870ರ ದಶಕದ ಆರಂಭದಲ್ಲಿ ವಿಚಾರಿಸತೊಡಗಿದಾಗ ಕಹಿ ಸತ್ಯಗಳು ಹೊರಬಿದ್ದವು. ಪಾಠ ಹೇಳಬೇಕಾಗಿದ್ದ ವೈದ್ಯಾಧಿಕಾರಿ ತರಗತಿಗಳನ್ನು ಕಡೆಗಣಿಸಿದ್ದರು. ವಾರ್ಡಿನ ಹಿರಿಯ ದಾದಿಯರಿಗೆ ಕಲಿಸಲು ಪುರುಸೊತ್ತಿರಲಿಲ್ಲ. ವಿದ್ಯಾರ್ಥಿನಿಯರು ಆಸ್ಪತ್ರೆಗೆ ಸಿಕ್ಕ ಅಗ್ಗದ ಕೈಗಳಾಗಿದ್ದರು.

ಈ ದೂರು ಇಂದಿಗೂ ಹಳೆಯದಾಗಿಲ್ಲ. ಸಿಬ್ಬಂದಿ ಕೊರತೆಯಿರುವ ಆಸ್ಪತ್ರೆಗಳಲ್ಲಿ ಕಲಿಯಲು ಬಂದವರೇ ಕೆಲಸದ ಭಾರ ಹೊರುವುದು ನರ್ಸಿಂಗ್ ಶಿಕ್ಷಣದ ನಿತ್ಯದ ಸಮಸ್ಯೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಇಂಗ್ಲಿಷ್ ಪಠ್ಯದ ತೊಡಕು ಬೇರೆ. ಮೊದಲ ರಾತ್ರಿ ಪಾಳಿ, ಕಣ್ಣೆದುರಿನ ಮೊದಲ ಸಾವು, ರೋಗಿಯ ಬಂಧುಗಳ ಸಿಟ್ಟು ಇವುಗಳಿಗೆ ಯಾವ ಪಠ್ಯವೂ ಪೂರ್ತಿ ಸಜ್ಜುಗೊಳಿಸುವುದಿಲ್ಲ.

ನೈಟಿಂಗೇಲ್ ಕೈಕಟ್ಟಿ ಕೂರಲಿಲ್ಲ. ಬೋಧನೆಗೆ ಹೊಸ ಶಸ್ತ್ರವೈದ್ಯರು ಬಂದರು. ವಿದ್ಯಾರ್ಥಿನಿಯರ ಓದು ಮತ್ತು ಯೋಗಕ್ಷೇಮ ನೋಡಿಕೊಳ್ಳಲೆಂದೇ ಗೃಹ ಮೇಲ್ವಿಚಾರಕಿಯ ಹುದ್ದೆ ಹುಟ್ಟಿತು. ಒಬ್ಬೊಬ್ಬರನ್ನೂ ಮನೆಗೆ ಕರೆಸಿ ಮಾತನಾಡಿಸಿದರು. ಬಳಲಿದವರ ವಿಶ್ರಾಂತಿಗೆ ಏರ್ಪಾಟು ಮಾಡಿದರು. 1872ರಿಂದ ಮುಂದೆ ಹಲವು ವರ್ಷ ಶಾಲೆಯ ದಾದಿಯರಿಗೆ ದೀರ್ಘ ಪತ್ರಗಳನ್ನು ಬರೆದರು. ಕಲಿಕೆ ಪ್ರಮಾಣಪತ್ರದೊಂದಿಗೆ ಮುಗಿಯುವುದಿಲ್ಲ, ಮುಂದೆ ಹೋಗದ ದಾದಿ ಹಿಂದೆ ಸರಿಯುತ್ತಾಳೆ ಎಂಬುದು ಆ ಪತ್ರಗಳ ತಿರುಳು.

ಶಿಷ್ಯೆಯ ಸಾವು

ಹೊಸ ದಾದಿಯರ ಮೇಲೆ ಮಿತಿಮೀರಿದ ಭಾರ ಬಿದ್ದರೆ ಏನಾಗುತ್ತದೆ ಎಂಬುದಕ್ಕೆ ಆಗ್ನೆಸ್ ಜೋನ್ಸ್ ಅವರ ಬದುಕು ಸಾಕ್ಷಿ. ಸೇಂಟ್ ಥಾಮಸ್‌ನಲ್ಲಿ ತರಬೇತಾದ ಆಕೆ 1865ರಲ್ಲಿ ಹನ್ನೆರಡು ದಾದಿಯರೊಂದಿಗೆ ಲಿವರ್‌ಪೂಲ್‌ನ ಬಡವರ ಆಸ್ಪತ್ರೆಗೆ ಹೋದರು. ಅಲ್ಲಿದ್ದ ರೋಗಿಗಳ ಸಂಖ್ಯೆ ಸಾವಿರಕ್ಕೂ ಮಿಕ್ಕಿತ್ತು. ಮೂರು ವರ್ಷ ಹಗಲಿರುಳು ದುಡಿದು, 1868ರಲ್ಲಿ ಟೈಫಸ್ ಜ್ವರಕ್ಕೆ ಬಲಿಯಾದಾಗ ಆಕೆಗೆ 35 ವರ್ಷ. ಈ ಸಾವು ನೈಟಿಂಗೇಲ್ ಅವರನ್ನು ತೀವ್ರವಾಗಿ ಕಲಕಿತು. ಅದೇ ವರ್ಷ ಲೂಸಿ ಆಸ್ಬರ್ನ್ ನೇತೃತ್ವದ ತಂಡ ಆಸ್ಟ್ರೇಲಿಯಾದ ಸಿಡ್ನಿ ತಲುಪಿ ಅಲ್ಲಿಯೂ ಶಾಲೆಯ ಪದ್ಧತಿಗೆ ಬುನಾದಿ ಹಾಕಿತು.

ಭಾರತದ ಚಿಂತೆ

ನೈಟಿಂಗೇಲ್ ಭಾರತಕ್ಕೆ ಒಮ್ಮೆಯೂ ಬರಲಿಲ್ಲ. ಆದರೆ ನಾಲ್ಕು ದಶಕ ಭಾರತದ ಆರೋಗ್ಯವನ್ನು ಕುರಿತು ಬರೆದರು. 1859ರಲ್ಲಿ ನೇಮಕಗೊಂಡ ಸೇನಾ ನೈರ್ಮಲ್ಯ ಆಯೋಗಕ್ಕಾಗಿ ಇಲ್ಲಿಯ ದಂಡು ಪ್ರದೇಶಗಳಿಗೆ ಪ್ರಶ್ನಾವಳಿ ಕಳುಹಿಸಿ, ಬಂದ ಉತ್ತರಗಳ ರಾಶಿಯನ್ನು ವಿಶ್ಲೇಷಿಸಿದರು. 1865ರಲ್ಲಿ ಭಾರತದ ಆಸ್ಪತ್ರೆಗಳಿಗೆ ಶುಶ್ರೂಷಾ ವ್ಯವಸ್ಥೆಯ ಯೋಜನೆ ರೂಪಿಸಿದರು. ಸರ್ಕಾರ ಅದನ್ನು ಕೈಗೆತ್ತಿಕೊಳ್ಳಲಿಲ್ಲ. ಸೇನಾ ಆಸ್ಪತ್ರೆಗಳಿಗೆಂದು ಕ್ಯಾಥರೀನ್ ಲಾಕ್ ನೇತೃತ್ವದ ಬ್ರಿಟಿಷ್ ದಾದಿಯರ ಮೊದಲ ತಂಡ ಮುಂಬೈಗೆ ಬಂದಿಳಿದದ್ದು 1888ರಲ್ಲಿ.

1876-78ರ ಭೀಕರ ಬರ ಮೈಸೂರು ಸೀಮೆಯನ್ನೂ ಮುಂಬೈ ಪ್ರಾಂತ್ಯದ ಬೆಳಗಾವಿ, ಧಾರವಾಡ, ಕಲಾದಗಿ ಜಿಲ್ಲೆಗಳನ್ನೂ ಕಂಗೆಡಿಸಿತು. ಆ ಹೊತ್ತಿನಲ್ಲಿ ನೈಟಿಂಗೇಲ್ ರೈತರ ಸಾಲ, ಬಡತನ ಮತ್ತು ನೀರಾವರಿಯ ಅಭಾವದ ಬಗ್ಗೆ ಬ್ರಿಟನ್ನಿನ ಓದುಗರನ್ನು ಎಚ್ಚರಿಸುವ ಲೇಖನಗಳನ್ನು ಬರೆದರು. ಹೊಟ್ಟೆಗೆ ಅನ್ನ, ಊರಿಗೆ ನೀರು ಇಲ್ಲದಿದ್ದರೆ ಆಸ್ಪತ್ರೆಯಿಂದ ಆರೋಗ್ಯ ಬಾರದು ಎಂಬುದು ಅವರ ನಿಲುವು. ನವಿಲುತೀರ್ಥದ ಅಣೆಕಟ್ಟೆ ಇದೇ ಬರಪೀಡಿತ ನಾಡಿಗೆ ನೀರುಣಿಸತೊಡಗಿದ್ದು ಅದಾಗಿ ಸುಮಾರು ಒಂದು ಶತಮಾನದ ನಂತರ.

ಮಿತಿ ಮತ್ತು ಹಿರಿಮೆ

ಅವರ ಮಿತಿಗಳೂ ಇದ್ದವು. ರೋಗಾಣು ಸಿದ್ಧಾಂತವನ್ನು ಒಪ್ಪಲು ತಡಮಾಡಿದರು. ದಾದಿಯರ ಸರ್ಕಾರಿ ನೋಂದಣಿಯನ್ನು ಬಲವಾಗಿ ವಿರೋಧಿಸಿದರು. ಪರೀಕ್ಷೆಯಿಂದ ಗುಣವನ್ನು ಅಳೆಯಲಾಗದು ಎಂಬುದು ಅವರ ವಾದ. ಕಾಲ ಬೇರೆ ದಾರಿ ಹಿಡಿಯಿತು. ಬ್ರಿಟನ್ನಿನಲ್ಲಿ 1919ರಲ್ಲಿ ನೋಂದಣಿ ಕಾಯ್ದೆ ಬಂತು. ಭಾರತದಲ್ಲಿ 1947ರ ಕಾಯ್ದೆಯಂತೆ ಭಾರತೀಯ ನರ್ಸಿಂಗ್ ಪರಿಷತ್ತು ರೂಪುಗೊಂಡು ಶಿಕ್ಷಣಕ್ಕೆ ಏಕರೂಪತೆ ತಂದಿತು.

1907ರಲ್ಲಿ ಬ್ರಿಟನ್ನಿನ ಆರ್ಡರ್ ಆಫ್ ಮೆರಿಟ್ ಗೌರವ ಪಡೆದ ಮೊದಲ ಮಹಿಳೆ ಅವರಾದರು. ಅಷ್ಟರಲ್ಲಿ ದೃಷ್ಟಿ ಮಂದವಾಗಿತ್ತು. 1910ರ ಆಗಸ್ಟ್ 13ರಂದು, 90ನೆಯ ವಯಸ್ಸಿನಲ್ಲಿ ಲಂಡನ್ನಿನಲ್ಲಿ ನಿಧನರಾದರು. ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಸಮಾಧಿ ಮಾಡುವ ಪ್ರಸ್ತಾಪವನ್ನು ಬಂಧುಗಳು ನಯವಾಗಿ ನಿರಾಕರಿಸಿದರು. ಈಸ್ಟ್ ವೆಲ್ಲೊ ಗ್ರಾಮದ ಸಮಾಧಿಯ ಮೇಲೆ ಅವರ ಹೆಸರಿನ ಎರಡು ಮೊದಲಕ್ಷರ ಮತ್ತು ಜನನ-ಮರಣದ ವಿವರಗಳಷ್ಟೇ ಇವೆ.

ಅವರ ಜನ್ಮದಿನವೇ ಅಂತರರಾಷ್ಟ್ರೀಯ ದಾದಿಯರ ದಿನ. ಭಾರತ ಸರ್ಕಾರ 1973ರಿಂದ ಅವರ ಹೆಸರಿನಲ್ಲಿ ರಾಷ್ಟ್ರೀಯ ಪ್ರಶಸ್ತಿ ನೀಡುತ್ತಿದೆ. ದ್ವಿಶತಮಾನೋತ್ಸವದ ವರ್ಷವಾದ 2020ನ್ನು ವಿಶ್ವ ಆರೋಗ್ಯ ಸಂಸ್ಥೆ ದಾದಿಯರು ಹಾಗೂ ಸೂಲಗಿತ್ತಿಯರ ವರ್ಷವೆಂದು ಸಾರಿತು. ಆ ವರ್ಷವೇ ಕೋವಿಡ್ ಎರಗಿ, ಆಗತಾನೆ ಕಲಿತು ಹೊರಬಂದಿದ್ದ ದಾದಿಯರೂ ರೋಗದ ಎದುರು ನಿಲ್ಲಬೇಕಾಯಿತು. ತಮ್ಮದೇ ಶಾಲೆಯ ಲೋಪವನ್ನು ಮುಚ್ಚಿಡದೆ ತಿದ್ದಲು ಮುಂದಾದ ನೈಟಿಂಗೇಲ್ ಅವರ ನಡೆ ನರ್ಸಿಂಗ್ ಶಾಲೆ ನಡೆಸುವ ಎಲ್ಲರಿಗೂ ಮಾದರಿ. ಕಲಿಯಲು ಬಂದವರನ್ನು ಬರಿಯ ದುಡಿಯುವ ಕೈಗಳೆಂದು ಕಾಣದಿರುವುದೇ ಅವರಿಗೆ ಸಲ್ಲಿಸುವ ನಿಜವಾದ ಗೌರವ.