ಗಡಿಪದರದ ಪಾಠ: ವಿಮಾನಶಿಲ್ಪಿ ಡಾ. ವಿ. ಎಂ. ಘಾಟಗೆ

ಶತಮಾನೋತ್ಸವದ ಸ್ಮರಣ ಸಂಚಿಕೆಗೆ ಒಬ್ಬ ಮಹನೀಯರ ಜೀವನಚಿತ್ರವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ನಮಗೆ ಸೂಚಿಸಿದಾಗ, ಕನ್ನಡ ಸಾಹಿತ್ಯವನ್ನು ಓದಿ ಬಂದ ನಾವು ಒಬ್ಬ ಕವಿಯನ್ನು ಆರಿಸಿಕೊಳ್ಳುವೆವೆಂದೇ ಎಲ್ಲರೂ ಭಾವಿಸಿದ್ದರು. ನಾವು ಆರಿಸಿಕೊಂಡದ್ದು ಒಬ್ಬ ವಿಮಾನಶಿಲ್ಪಿಯನ್ನು. ಅದಕ್ಕೆ ಕಾರಣ ನಾವು ತೀರಿಸದೆ ಉಳಿಸಿಕೊಂಡ ಒಂದು ಸಾಲ.

ಕೆಲವು ವರ್ಷಗಳ ಹಿಂದೆ ನಮ್ಮ ಏಳನೆಯ ತರಗತಿಯ ಮಕ್ಕಳನ್ನು ಕುಟ್ಟ, ಗೋಣಿಕೊಪ್ಪ, ಹುಣಸೂರು, ಮೈಸೂರುಗಳ ದಾರಿಯಾಗಿ ಬೆಂಗಳೂರಿಗೆ ಪ್ರವಾಸ ಕರೆದೊಯ್ದಿದ್ದೆವು. ಎಚ್.ಎ.ಎಲ್. ವಸ್ತುಸಂಗ್ರಹಾಲಯದ ಅಂಗಳದಲ್ಲಿ ಮಕ್ಕಳೆಲ್ಲರೂ ಜೆಟ್ ವಿಮಾನಗಳ ಸುತ್ತ ನೆರೆದಿದ್ದರೆ, ಒಬ್ಬ ಬಾಲಕಿ ಮಾತ್ರ ಎಚ್.ಟಿ.-2 ಎಂಬ ಪುಟ್ಟ ವಿಮಾನದ ಬಳಿ ನಿಂತು ಅದರ ರೆಕ್ಕೆಯ ಅಂಚನ್ನೇ ನೋಡುತ್ತಿದ್ದಳು. ಮಾಗಿಯ ಬೆಳಗಿನಲ್ಲಿ ನಮ್ಮ ಶಾಲೆಯ ತಗಡಿನ ಸೂರಿನಿಂದ ಮಂಜಿನ ನೀರು ತೊಟ್ಟಿಕ್ಕುವುದನ್ನು ಕಂಡಿದ್ದ ಆಕೆ, ಮೇಲೆ ಹೋದಷ್ಟೂ ಚಳಿ ಹೆಚ್ಚೆಂದು ಪಾಠದಲ್ಲಿ ಓದಿದ್ದಳು. ಹಾಗಾದರೆ ಮೋಡದೊಳಗೆ ಹೊಕ್ಕ ವಿಮಾನದ ರೆಕ್ಕೆಯ ಮೇಲಿನ ನೀರು ಹೆಪ್ಪುಗಟ್ಟುವುದಿಲ್ಲವೇ, ಹೆಪ್ಪುಗಟ್ಟಿದರೆ ಏನಾಗುತ್ತದೆ ಎಂದು ಆಕೆ ನಮ್ಮನ್ನು ಕೇಳಿದಳು. ನಮಗೆ ತಿಳಿದಿರಲಿಲ್ಲ. ಊರಿಗೆ ಮರಳಿದ ಮೇಲೆ ಹೇಳುವೆವೆಂದು ಮಾತು ಕೊಟ್ಟೆವು. ಆ ಉತ್ತರವನ್ನು ಅರಸುತ್ತ ಹೋದಾಗ ದೊರೆತದ್ದೇ ಆ ಪುಟ್ಟ ವಿಮಾನವನ್ನು ರೂಪಿಸಿದವರ ಬದುಕು.

ವಿಷ್ಣು ಮಾಧವ ಘಾಟಗೆ ಅವರು 1908ರ ಅಕ್ಟೋಬರ್ 24ರಂದು ಕೊಲ್ಹಾಪುರ ಪ್ರಾಂತದ ಹಸೂರ ಎಂಬ ಹಳ್ಳಿಯಲ್ಲಿ ಜನಿಸಿದರು. ಅದು ಮರಾಠಿಯೂ ಕನ್ನಡವೂ ಒಂದೇ ಸಂತೆಯಲ್ಲಿ ವ್ಯಾಪಾರ ಮಾಡುವ ಗಡಿನಾಡು. ಮನೆಯಲ್ಲೊಂದು ಮಾತು, ತರಗತಿಯಲ್ಲಿ ಕನ್ನಡ, ಅಂಗಡಿಬೀದಿಯಲ್ಲಿ ಮಲಯಾಳ ಎಂದು ದಿನಕ್ಕೆ ಮೂರು ಭಾಷೆಗಳನ್ನು ದಾಟುವ ತಿರುನೆಲ್ಲಿಯ ಮಕ್ಕಳಿಗೆ ಅಂತಹ ಊರನ್ನು ವಿವರಿಸಿ ಹೇಳಬೇಕಾಗಿಲ್ಲ. ಅವರು ಹುಟ್ಟಿದಾಗ ರೈಟ್ ಸಹೋದರರ ಮೊದಲ ಹಾರಾಟಕ್ಕೆ ಇನ್ನೂ ಐದು ವರ್ಷ ತುಂಬಿರಲಿಲ್ಲ. ಮುಂಬಯಿಯಲ್ಲಿ ವ್ಯಾಸಂಗ ಮಾಡಿದ ಘಾಟಗೆಯವರು 1930ರ ದಶಕದಲ್ಲಿ ಉನ್ನತ ಸಂಶೋಧನೆಗಾಗಿ ಜರ್ಮನಿಯ ಗಾಟಿಂಗೆನ್ ವಿಶ್ವವಿದ್ಯಾಲಯಕ್ಕೆ ತೆರಳಿದರು. ಅಲ್ಲಿ ಅವರಿಗೆ ಗುರುವಾಗಿ ದೊರೆತವರು ಲುಡ್ವಿಗ್ ಪ್ರಾಂಟಲ್.

ಪ್ರಾಂಟಲ್ ಅವರನ್ನು ಆಧುನಿಕ ವಾಯುಚಲನ ವಿಜ್ಞಾನದ ಪಿತಾಮಹರೆಂದು ಲೋಕವು ಗೌರವಿಸುತ್ತದೆ. 1904ರಲ್ಲಿ ಅವರು ಮಂಡಿಸಿದ ವಿಚಾರವನ್ನು ನಮ್ಮ ಕಾಳಿಂದಿ ಹೊಳೆಯ ದಡದಲ್ಲಿ ನಿಂತೇ ಅರಿಯಬಹುದು. ಹೊಳೆಯ ನಡುವಿನ ನುಣ್ಣನೆಯ ಬಂಡೆಯೊಂದನ್ನು ನೋಡಿರಿ. ಬಂಡೆಗೆ ತಾಗಿಕೊಂಡಿರುವ ನೀರಿನ ಅತಿ ತೆಳುವಾದ ಪದರವು ಬಹುಮಟ್ಟಿಗೆ ನಿಂತೇ ಇರುತ್ತದೆ. ಅದರಿಂದ ದೂರ ಸರಿದಂತೆ ನೀರು ವೇಗವಾಗಿ ಹರಿಯುತ್ತದೆ. ಬಂಡೆಯ ಹಿಂಬದಿಯಲ್ಲಿ ಆ ಪದರವು ಅಂಟಿಕೊಂಡಿರಲಾರದೆ ಕಳಚಿ ಸುಳಿಗಳಾಗಿ ಒಡೆಯುತ್ತದೆ. ಈ ತೆಳುವಾದ ಗಡಿಪದರದಲ್ಲಿ ಏನು ನಡೆಯುತ್ತದೆಯೋ ಅದೇ ಇಡೀ ಪ್ರವಾಹದ ಗತಿಯನ್ನು ನಿರ್ಧರಿಸುತ್ತದೆ ಎಂಬುದು ಪ್ರಾಂಟಲ್ ಅವರ ಕಾಣ್ಕೆ. ಅದನ್ನು ಅವರು ಕಂಡುಕೊಂಡದ್ದು ದುಬಾರಿ ಯಂತ್ರಗಳಿಂದಲ್ಲ. ಕೈಯಿಂದ ಚಕ್ರ ತಿರುಗಿಸಿ ನೀರನ್ನು ಹರಿಯಿಸುವ ಒಂದು ಸಣ್ಣ ತೊಟ್ಟಿಯಿಂದ. ಪ್ರಯೋಗಾಲಯವಿಲ್ಲವೆಂದು ಕೊರಗುವ ನಮ್ಮಂತಹ ಶಾಲೆಗಳಿಗೆ ಇದು ನೆನಪಿನಲ್ಲಿರಬೇಕಾದ ಸಂಗತಿ.

ವಿಮಾನದ ರೆಕ್ಕೆಯೂ ಹೊಳೆಯ ಬಂಡೆಯಂತೆಯೇ. ಅದರ ಬಾಗಿದ ಮೇಲ್ಮೈಗೆ ಅಂಟಿಕೊಂಡು ಗಾಳಿ ಸರಾಗವಾಗಿ ಹರಿಯುವವರೆಗೆ ರೆಕ್ಕೆಗೆ ಮೇಲೆತ್ತುವ ಬಲವಿರುತ್ತದೆ. ಗಾಳಿಯ ಪದರ ಕಳಚಿತೆಂದರೆ ಆ ಬಲ ಕುಸಿಯುತ್ತದೆ. ಬಾಲಕಿಯ ಪ್ರಶ್ನೆಯ ಉತ್ತರ ಇಲ್ಲಿಯೇ ಇದೆ. ಮೋಡದೊಳಗಿನ ಎಷ್ಟೋ ಹನಿಗಳು ಸೊನ್ನೆ ಡಿಗ್ರಿಗಿಂತ ತಣ್ಣಗಾದರೂ ನೀರಾಗಿಯೇ ಉಳಿದಿರುತ್ತವೆ. ರೆಕ್ಕೆಯ ಮುಂಬದಿಯ ಅಂಚು ಅವಕ್ಕೆ ತಾಗಿದೊಡನೆ ಅವು ಹೆಪ್ಪುಗಟ್ಟುತ್ತವೆ. ಹೀಗೆ ಕೂಡಿದ ಹಿಮದ ಭಾರ ನಾವೆಣಿಸುವಷ್ಟು ದೊಡ್ಡ ಅಪಾಯವಲ್ಲ. ಅದು ರೆಕ್ಕೆಯ ಆಕಾರವನ್ನು ಕೆಡಿಸುವುದೇ ನಿಜವಾದ ಅಪಾಯ. ಬಡಗಿಯ ಒರಟು ಮರಳುಕಾಗದದಷ್ಟು ತೆಳುವಾದ ಹಿಮವೂ ಮೇಲೆತ್ತುವ ಬಲವನ್ನು ಶೇಕಡ 30ರವರೆಗೆ ತಗ್ಗಿಸಿ, ಗಾಳಿಯ ಎಳೆತವನ್ನು ಶೇಕಡ 40ರವರೆಗೆ ಹೆಚ್ಚಿಸಬಲ್ಲದು. ಆಗ ವಿಮಾನವು ಎಂದಿನ ಸುರಕ್ಷಿತ ವೇಗದಲ್ಲಿದ್ದರೂ ಕುಸಿಯಬಹುದು. ಶಕ್ತಿ ಮಿಗಿಲಾಗಿರದ ಸಣ್ಣ ವಿಮಾನಕ್ಕಂತೂ ಪಾರಾಗುವ ಅವಕಾಶ ಬಹಳ ಕಿರಿದು.

ಸ್ವದೇಶಕ್ಕೆ ಮರಳಿದ ಘಾಟಗೆಯವರು ಕೆಲಕಾಲ ಮುಂಬಯಿಯಲ್ಲಿ ಅಧ್ಯಾಪಕರಾಗಿದ್ದರು. 1940ರ ಡಿಸೆಂಬರಿನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಸಹಭಾಗಿತ್ವದೊಡನೆ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಸ್ಥಾಪಿಸಿದರು. ಸರ್ ಮಿರ್ಜಾ ಇಸ್ಮಾಯಿಲ್ ಅವರು ಆಗ ಸಂಸ್ಥಾನದ ದಿವಾನರು. ಘಾಟಗೆಯವರು ಆ ಕಾರ್ಖಾನೆಯ ಆರಂಭದ ದಿನಗಳಲ್ಲಿಯೇ ಅಲ್ಲಿಗೆ ಬಂದು, ಬೆಂಗಳೂರನ್ನೇ ತಮ್ಮ ಕರ್ಮಭೂಮಿಯಾಗಿಸಿಕೊಂಡರು. ಹತ್ತು ಮಂದಿ ಕುಳಿತುಕೊಳ್ಳಬಹುದಾದ ಎಂಜಿನ್‌ರಹಿತ ಗ್ಲೈಡರನ್ನು ಯುದ್ಧಕಾಲದಲ್ಲಿ ವಿನ್ಯಾಸಗೊಳಿಸಿದ್ದು ಅವರ ಮೊದಲ ಸಾಧನೆಗಳಲ್ಲೊಂದು. 1942ರ ಡಿಸೆಂಬರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನ ಎಂಜಿನಿಯರಿಂಗ್ ವಿಭಾಗ ಆರಂಭವಾದಾಗ ಅದರ ಹೊಣೆಯನ್ನೂ ಅವರೇ ಹೊತ್ತರು. ಕಟ್ಟುವವರೇ ಕಲಿಸುವವರೂ ಆಗಿದ್ದ ಕಾಲವದು.

ಯುದ್ಧದ ಆ ವರ್ಷಗಳಲ್ಲಿ ಬೆಂಗಳೂರಿನ ಕಾರ್ಖಾನೆ ಅಮೆರಿಕದ ಸೇನೆಯ ವಿಮಾನಗಳನ್ನು ದುರಸ್ತಿ ಮಾಡುವ ಕೇಂದ್ರವಾಯಿತು. ಕೆಟಲೀನಾ ಎಂಬ ನೀರ್ವಿಮಾನಗಳು ಬೆಳ್ಳಂದೂರು ಕೆರೆಗೆ ಬಂದಿಳಿಯುತ್ತಿದ್ದವು. ಅದೇ ಹೊತ್ತಿನಲ್ಲಿ ಅಸ್ಸಾಮಿನಿಂದ ಹಿಮಾಲಯದ ಸಾಲುಗಳನ್ನು ದಾಟಿ ಚೀನಾ ದೇಶಕ್ಕೆ ಸಾಮಗ್ರಿ ಸಾಗಿಸುತ್ತಿದ್ದ ವಿಮಾನಗಳು ಬಿರುಗಾಳಿ, ಮೋಡ, ರೆಕ್ಕೆಯ ಹಿಮಗಳಿಗೆ ಸಿಲುಕಿ ನೂರಾರು ಸಂಖ್ಯೆಯಲ್ಲಿ ನಾಶವಾದವು. ದೊಡ್ಡ ವಿಮಾನಗಳ ರೆಕ್ಕೆಯಂಚಿಗೆ ರಬ್ಬರಿನ ಚೀಲಗಳನ್ನು ಅಳವಡಿಸಿ, ಆಗಾಗ ಗಾಳಿ ತುಂಬಿ ಉಬ್ಬಿಸಿ ಹಿಮವನ್ನು ಒಡೆದು ಉದುರಿಸುವ ಉಪಾಯ 1930ರ ದಶಕದಲ್ಲಿಯೇ ಬಂದಿತ್ತು. ಹೆಪ್ಪುಗಟ್ಟದ ದ್ರವವನ್ನು ಜಿನುಗಿಸುವುದು, ಎಂಜಿನ್ನಿನ ಬಿಸಿಗಾಳಿಯನ್ನು ಅಂಚಿನೊಳಗೆ ಹರಿಸುವುದು ಇನ್ನುಳಿದ ಉಪಾಯಗಳು. ಇವೆಲ್ಲವೂ ಭಾರವನ್ನೂ ಶಕ್ತಿಯನ್ನೂ ಬೇಡುತ್ತವೆ. ಇವನ್ನು ಹೊರಲಾಗದ ಪುಟ್ಟ ವಿಮಾನಕ್ಕೆ ಇಂದಿಗೂ ಇರುವ ಉತ್ತಮ ರಕ್ಷಣೆಯೆಂದರೆ ಅಂತಹ ಮೋಡದೊಳಗೆ ಹೋಗದಿರುವ ವಿವೇಕ. ಹೊಕ್ಕದ್ದು ತಿಳಿದೊಡನೆ ಬೆಚ್ಚಗಿನ ಗಾಳಿಯತ್ತ ಇಳಿಯುವ ಇಲ್ಲವೆ ಹಿಂದಿರುಗುವ ವಿವೇಕ. ಅಂತಹ ವಿವೇಕವನ್ನು ಕಲಿಸುವ ಶಾಲೆಯೇ ತರಬೇತಿ ವಿಮಾನ.

ಸ್ವಾತಂತ್ರ್ಯ ಬಂದಾಗ ನಮ್ಮ ವಾಯುಪಡೆಯ ತರುಣರು ಹಾರಾಟದ ಓಂಕಾರವನ್ನು ಟೈಗರ್ ಮಾತ್ ಎಂಬ ವಿಮಾನದಲ್ಲಿ ಕಲಿಯುತ್ತಿದ್ದರು. ಬಟ್ಟೆ ಹೊದೆಸಿದ ಜೋಡಿರೆಕ್ಕೆಗಳ ಆ ವಿದೇಶೀ ವಿಮಾನದ ಬದಲಿಗೆ ಲೋಹದ ಸ್ವದೇಶೀ ವಿಮಾನವೊಂದನ್ನು ರೂಪಿಸುವ ಹೊಣೆ ಘಾಟಗೆಯವರ ತಂಡಕ್ಕೆ ಬಂದಿತು. ಸ್ವತಂತ್ರ ಭಾರತಕ್ಕೆ ಅಂತಹ ಕೆಲಸದ ಪೂರ್ವಾನುಭವವಿರಲಿಲ್ಲ. 1951ರ ಆಗಸ್ಟ್ ತಿಂಗಳಲ್ಲಿ ಕ್ಯಾಪ್ಟನ್ ಜಮ್‌ಶೇಡ್ ಮುನ್ಶಿಯವರು ಎಚ್.ಟಿ.-2 ವಿಮಾನವನ್ನು ಬೆಂಗಳೂರಿನ ಬಾನಿಗೇರಿಸಿದರು. ಒಬ್ಬರ ಹಿಂದೊಬ್ಬರು ಕುಳಿತುಕೊಳ್ಳುವ ಎರಡು ಆಸನಗಳ ಪುಟ್ಟ ವಿಮಾನವದು. ಭಾರತದಲ್ಲಿಯೇ ವಿನ್ಯಾಸಗೊಂಡು ನಿರ್ಮಾಣವಾದ ಮೊದಲ ವಿಮಾನವೆಂಬ ಗೌರವ ಅದಕ್ಕೆ ಸಂದಿತು.

ಮೊದಲ ಹಾರಾಟದೊಡನೆ ಕೆಲಸ ಮುಗಿಯಲಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ನಮ್ಮ ತಿರುನೆಲ್ಲಿಯೂ ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿದೆ. ಇಷ್ಟು ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರತೀರಕ್ಕಿಂತ ಶೇಕಡ 8ರಷ್ಟು ಕಡಿಮೆ. ಬೇಸಗೆಯ ಮಧ್ಯಾಹ್ನ ಇನ್ನೂ ಕಡಿಮೆ. ಗಾಳಿ ತೆಳುವಾದರೆ ರೆಕ್ಕೆಗೆ ಆಸರೆ ತಗ್ಗುತ್ತದೆ, ಎಂಜಿನ್ನಿಗೆ ಉಸಿರು ಸಾಲದು, ಪ್ರೊಪೆಲರಿಗೆ ಹಿಡಿತ ಸಾಲದು. ಓಡುದಾರಿಯಲ್ಲಿ ಹೆಚ್ಚು ದೂರ ಓಡಬೇಕು, ಏರುವುದೂ ನಿಧಾನ. ಆದಕಾರಣ ಸಣ್ಣ ವಿಮಾನದ ಸಾಮರ್ಥ್ಯವನ್ನು ಹೆಚ್ಚಿಸುವುದೆಂದರೆ ಒಂದೊಂದು ಸೇರು ಭಾರವನ್ನೂ ಒಂದೊಂದು ಅಶ್ವಶಕ್ತಿಯನ್ನೂ ಲೆಕ್ಕವಿಡುವ ಜಿಪುಣರ ಸಂಸಾರ. ಎಚ್.ಟಿ.-2ರ ಮೊದಲ ಮಾದರಿಯಲ್ಲಿ 145 ಅಶ್ವಶಕ್ತಿಯ ಎಂಜಿನ್ ಇತ್ತು. 1952ರಲ್ಲಿ ಹಾರಿದ ಎರಡನೆಯ ಮಾದರಿಗೆ 155 ಅಶ್ವಶಕ್ತಿಯ ಸಿರಸ್ ಮೇಜರ್ ಎಂಜಿನ್ನನ್ನು ಜೋಡಿಸಲಾಯಿತು, ಮುಂದೆ ಅದೇ ಸ್ಥಿರವಾಯಿತು. ಹೆಚ್ಚಿದ್ದು ಕೇವಲ ಹತ್ತು ಅಶ್ವಶಕ್ತಿ. ಹೊರಗಿನವರಿಗೆ ಅಲ್ಪವೆನಿಸುವ ಇಂತಹ ತಿದ್ದುಪಡಿಗಳನ್ನು ತಾಳ್ಮೆಯಿಂದ ಕೂಡಿಸುತ್ತ ಹೋಗುವುದೇ ವಿನ್ಯಾಸಕಾರನ ತಪಸ್ಸು. ಶಿಕ್ಷಕರಾದ ನಮಗೆ ಇದು ಬಲ್ಲ ವಿಷಯವೇ.

ತರುವಾಯ ಹಾರಾಟ ಕ್ಲಬ್ಬುಗಳಿಗಾಗಿ ಅವರ ತಂಡವು ರೂಪಿಸಿದ ಪುಷ್ಪಕ್ 1958ರ ಸೆಪ್ಟೆಂಬರಿನಲ್ಲಿ ಹಾರಿತು. ಕೇವಲ 90 ಅಶ್ವಶಕ್ತಿಯ, ಎರಡು ಆಸನಗಳ ಈ ವಿಮಾನದಲ್ಲಿ ದೇಶದ ಎಷ್ಟೋ ಪೈಲಟ್‌ಗಳು ಮೊದಲ ಬಾರಿಗೆ ನೆಲ ಬಿಟ್ಟೆದ್ದರು. ಇದರ ಮುಂದುವರಿಕೆಯಾಗಿ ಕೃಷಕ್ ಬಂದಿತು. ಬಯಲುನಾಡಿನ ಮೇಲೆ ಹಾರುವ ಇಂತಹ ವಿಮಾನಗಳಿಗೆ ಹಿಮದ ಭಯವೇಕೆಂದು ಕೇಳಬಹುದು. ಇಲ್ಲಿಯೇ ಅಚ್ಚರಿಯ ಸಂಗತಿಯಿದೆ. ರೆಕ್ಕೆಯ ಮೇಲೆ ಹಿಮ ಕೂರದ ಬೆಚ್ಚಗಿನ ದಿನದಲ್ಲಿಯೂ ಎಂಜಿನ್ನಿನೊಳಗೆ ಹಿಮ ಹುಟ್ಟಬಲ್ಲದು. ಕಾರ್ಬ್ಯುರೇಟರಿನ ಇಕ್ಕಟ್ಟಾದ ಕೊರಳಿನಲ್ಲಿ ಪೆಟ್ರೋಲು ಆವಿಯಾಗುವಾಗ, ಮೈಮೇಲೆ ಚೆಲ್ಲಿದ ಸ್ಪಿರಿಟ್ ತಣ್ಣಗೆನಿಸುವಂತೆ, ಗಾಳಿಯ ಶಾಖ ಇಪ್ಪತ್ತು ಡಿಗ್ರಿಗೂ ಹೆಚ್ಚು ಇಳಿಯಬಹುದು. ಹೊರಗೆ 20 ಡಿಗ್ರಿ ಇದ್ದು ಗಾಳಿ ತೇವವಾಗಿದ್ದರೆ, ಅಂದರೆ ನಮ್ಮ ಮುಂಗಾರಿನ ದಿನದಂತಿದ್ದರೆ, ಆ ತೇವವೇ ಹಿಮವಾಗಿ ಎಂಜಿನ್ನಿನ ಉಸಿರುಗಟ್ಟಿಸುತ್ತದೆ. ಅದಕ್ಕಾಗಿ ಇಂತಹ ಎಂಜಿನ್ನುಗಳಿಗೆ ಒಂದು ಸಣ್ಣ ಹಿಡಿಯನ್ನು ಇಟ್ಟಿರುತ್ತಾರೆ. ಅದನ್ನೆಳೆದರೆ ಹೊಗೆಕೊಳವೆಯ ಸುತ್ತ ಬಿಸಿಯಾದ ಗಾಳಿ ಒಳನುಗ್ಗಿ ಹಿಮವನ್ನು ಕರಗಿಸುತ್ತದೆ. ಬಿಸಿಗಾಳಿಯಿಂದ ಶಕ್ತಿ ತುಸು ತಗ್ಗುತ್ತದೆ. ಕರಗಿದ ನೀರು ಹಾಯುವಾಗ ಎಂಜಿನ್ ಕೆಮ್ಮುತ್ತದೆ. ಗಾಬರಿಗೊಂಡು ಹಿಡಿಯನ್ನು ಹಿಂದಕ್ಕೆ ತಳ್ಳುವವನಿಗೆ ಅಪಾಯ. ಕಾರಣವನ್ನರಿತು ಸೈರಿಸುವವನಿಗೆ ಎಂಜಿನ್ ಮರಳಿ ಚೇತರಿಸುತ್ತದೆ. ಕಾರಣವನ್ನು ಅರಿಯದೆ ಕಂಠಪಾಠ ಮಾಡಿದ ವಿದ್ಯೆಯು ಸಂಕಟಕಾಲದಲ್ಲಿ ಕೈಕೊಡುವುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನಮಗೆ ದೊರೆತಿಲ್ಲ.

ಕಿರಣ್ ಜೆಟ್ ತರಬೇತಿ ವಿಮಾನವೂ ಘಾಟಗೆಯವರ ಮುಂದಾಳುತನದಲ್ಲಿಯೇ ರೂಪುಗೊಂಡು 1964ರ ಸೆಪ್ಟೆಂಬರಿನಲ್ಲಿ ಮೊದಲು ಹಾರಿತು. ಮರುವರ್ಷ ಭಾರತ ಸರ್ಕಾರವು ಅವರಿಗೆ ಪದ್ಮಶ್ರೀ ಪ್ರಶಸ್ತಿ ನೀಡಿ ಗೌರವಿಸಿತು. ಅವರು ರೂಪಿಸಿದವುಗಳಲ್ಲಿ ಹೆಚ್ಚಿನವು ಯುದ್ಧವಿಮಾನಗಳಲ್ಲ, ಕಲಿಸುವ ವಿಮಾನಗಳು ಎಂಬುದನ್ನು ನಾವು ವಿಶೇಷವಾಗಿ ಗಮನಿಸಿದ್ದೇವೆ. ಕಲಿಯುವವನು ತಪ್ಪು ಮಾಡಿಯೇ ಮಾಡುತ್ತಾನೆ. ಆ ತಪ್ಪನ್ನು ತಾಳಿಕೊಂಡು ತಿದ್ದಿಕೊಳ್ಳಲು ಅವನಿಗೆ ಕಾಲಾವಕಾಶ ಕೊಡುವುದೇ ತರಬೇತಿ ವಿಮಾನದ ಹಿರಿಮೆ. ಒಳ್ಳೆಯ ಶಾಲೆಯ ಹಿರಿಮೆಯೂ ಅದೇ. 1991ರ ಡಿಸೆಂಬರ್ 6ರಂದು ಘಾಟಗೆಯವರು ನಿಧನರಾದರು. ಇಂದು ಬೆಂಗಳೂರಿನ ಎಚ್.ಎ.ಎಲ್. ಸಭಾಭವನವೊಂದು ಅವರ ಹೆಸರನ್ನು ಹೊತ್ತಿದೆ.

ಇಷ್ಟನ್ನೆಲ್ಲ ತಿಳಿದುಕೊಂಡು ತರಗತಿಯಲ್ಲಿ ಹೇಳಲು ನಾವು ಅಣಿಯಾದಾಗ ಆ ಬಾಲಕಿಯ ಸ್ಥಾನ ಬರಿದಾಗಿತ್ತು. ಕೆಲಸ ಅರಸಿ ಆಕೆಯ ತಂದೆತಾಯಿಯರು ಕೊಡಗಿನ ಕಾಫಿತೋಟವೊಂದಕ್ಕೆ ಹೊರಟುಹೋಗಿದ್ದರು. ವರ್ಗಾವಣೆ ಪತ್ರವನ್ನು ಕೇಳಲು ಯಾರೂ ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಹಲವು ವಾರ ಆಕೆಯ ಹೆಸರಿನ ಮುಂದೆ ಗೈರುಹಾಜರಿಯ ಗುರುತನ್ನು ಹಾಕಿ, ಕೊನೆಗೆ ಹೆಸರನ್ನು ತೆಗೆದುಹಾಕಿದವರು ನಾವೇ. ಪ್ರವಾಸದಿಂದ ಮರಳಿದ ವಾರದಲ್ಲಿಯೇ ಉತ್ತರವನ್ನು ಹುಡುಕಬಹುದಿತ್ತು. ಪರೀಕ್ಷೆ, ಲೆಕ್ಕಪತ್ರ, ಸಭೆಗಳ ನಡುವೆ ಮುಂದೂಡಿದೆವು.

ಕನ್ನಡ ಮಾಧ್ಯಮದಲ್ಲಿ ಓದಿ ಮಕ್ಕಳಿಗೇನು ಪ್ರಯೋಜನವೆಂದು ಪೋಷಕರು ನಮ್ಮನ್ನು ಕೇಳುತ್ತಲೇ ಇರುತ್ತಾರೆ. ಆ ಪ್ರಶ್ನೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಬೆಂಗಳೂರಿನ ಆ ಅಂಗಳದಲ್ಲಿ ಅತ್ಯುತ್ತಮವಾದ ಪ್ರಶ್ನೆಯೊಂದು ಹುಟ್ಟಿದ್ದು ಕನ್ನಡದಲ್ಲಿ; ಕೊರತೆಯಿದ್ದುದು ಭಾಷೆಯದಲ್ಲ, ಉತ್ತರಿಸಬೇಕಾದವರ ಸಿದ್ಧತೆಯದು. ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಇಂದು ಕುಟ್ಟ, ಶ್ರೀಮಂಗಲ, ಗೋಣಿಕೊಪ್ಪಗಳ ಆಸುಪಾಸಿನ ತೋಟಗಳಲ್ಲಿ ಕೆಲಸದಲ್ಲಿದ್ದಾರೆ. ಏಳನೆಯ ತರಗತಿಯಲ್ಲಿ ಪುಟ್ಟ ವಿಮಾನದ ರೆಕ್ಕೆಯನ್ನು ನೋಡುತ್ತ ನಿಂತಿದ್ದ ಹುಡುಗಿಯೊಬ್ಬಳನ್ನು ಬಲ್ಲವರು ಅವರಲ್ಲಿ ಯಾರಾದರೂ ಇದ್ದರೆ, ಈ ಸಂಚಿಕೆಯ ಒಂದು ಪ್ರತಿಯನ್ನು ಆಕೆಗೆ ತಲುಪಿಸಬೇಕಾಗಿ ಕೋರುತ್ತೇವೆ. ಆಕೆ ಮರಳಿ ಓದಲು ಇಚ್ಛಿಸಿದರೆ ದಾಖಲಾತಿಯ ಹೊಣೆ ನಮ್ಮದು. ಉತ್ತರ ತಡವಾಯಿತೆಂಬುದನ್ನೂ ಆಕೆಗೆ ತಿಳಿಸಿರಿ.